ಮನೆ ಬಿಟ್ಟ ವಕೀಲ ಮಾಮಾ

ನಮ್ಮ ಮಾಮಾನ ಮನೆಯಲ್ಲಿ ಹಾಲು ಎಂದೂ ಉಕ್ಕಿ ಚೆಲ್ಲಿಲ್ಲ. ಚೆಲ್ಲಿದೆ ಎಂಬ ಆರೋಪ ಮಾತ್ರ ಆಗಾಗ ಕೇಳಿಬರುತ್ತಿತ್ತು! ಸಾರಿಗೆ ಉಪ್ಪು ಹೆಚ್ಚಾಗುತ್ತಿರಲಿಲ್ಲ. ಹೆಚ್ಚಾಗಿದೆ ಎಂದು ಉಂಡವರು ಹೇಳಿಕೆ ಕೊಡುತ್ತಿದ್ದರು. ಪಕ್ಕದ ಮನೆಯ ಪೋರ ನಮ್ಮ ಕಿಟಕಿಯ ಗಾಜು ಒಡೆದ ಎನ್ನುವಂತಿರಲಿಲ್ಲ. ಗಾಜು ಒಡೆದ ವೇಳೆಗೆ ಅವನ ಕೈಯಲ್ಲಿ ಬ್ಯಾಟು ಇತ್ತು, ಅಷ್ಟೆ. ಬ್ಯಾಟು ಹಿಡಿದವರೆಲ್ಲ ಗಾಜು ಒಡೆಯುತ್ತಾರೆಯೇ?

ಮಾಮಾ ಎಂದರೆ ನನ್ನ ತಾಯಿಯ ತಮ್ಮ. ವಿಜಾಪುರದ ಕಡೆಯಿಂದ ಕಾನೂನು ಓದಲು ಪುಣೆಗೆ ಬಂದವರು ಅಲ್ಲಿಯೇ ನಿಂತರು. ಕೋರ್ಟಿನಲ್ಲಿ ಕ್ರಿಮಿನಲ್ ವಕೀಲಿ, ಅದೂ ಯಾವಾಗಲೂ ಆರೋಪಿಗಳ ಪರ. ಗಾಂಜಾ ಪೊಟ್ಟಣದೊಂದಿಗೆ ಸಿಕ್ಕವರು, ಚಾಕು ಹಾಕಿದವರು, ನಾಡಪಿಸ್ತೂಲು ಇಟ್ಟುಕೊಂಡವರು, ಎಲ್ಲರೂ ಅವರ ಕಕ್ಷಿದಾರರೇ. ಕ್ಷಮಿಸಿ, ಚಾಕು ಹಾಕಿದರೆಂದು ಆರೋಪಕ್ಕೆ ಒಳಗಾದವರು. ಆ ಮನೆಯಲ್ಲಿ ಇಷ್ಟು ವರ್ಷ ಉಂಡ ನನಗೆ ಇಂದಿಗೂ ಆ ಮಾತು ಸೇರಿಸದೆ ವಾಕ್ಯ ಮುಗಿಸಲು ಬರುವುದಿಲ್ಲ!

ಮಾಮಾನಿಗೆ ಮಕ್ಕಳಿರಲಿಲ್ಲ. ನಾನು ಎಂ.ಎ. ಓದಲು ಬಂದು ಬಿಬವೇವಾಡಿಯ ಅವರ ಮನೆಯಲ್ಲಿಯೇ ಉಳಿದೆ. ಓದು ಮುಗಿದ ಮೇಲೆ ಒಂದು ಕಾಲೇಜಿನ ಲೈಬ್ರರಿಯಲ್ಲಿ ಕೆಲಸ ಸಿಕ್ಕಿತು, ಮತ್ತೂ ಉಳಿದೆ. ಹೀಗಾಗಿ ಬೆಕ್ಕಿನ ಪ್ರಕರಣವನ್ನು ಕಣ್ಣಾರೆ ಕಂಡವರಲ್ಲಿ ನಾನೂ ಒಬ್ಬಳು. ಮಾಮಿ ಒಂದು ಬೆಳಿಗ್ಗೆ ಅಡುಗೆಮನೆಗೆ ಹೋದಾಗ ಹಾಲಿನ ಪಾತ್ರೆ ಖಾಲಿ. ಪಕ್ಕದಲ್ಲಿ ಬೆಕ್ಕು. ಬೆಕ್ಕಿನ ಮೀಸೆಯ ಮೇಲೆ ಹಾಲು. ಮಾಮಿ ಲಟ್ಟಣಿಗೆ ಎತ್ತಿದರು. ಮಾಮಾ ಬ್ರಷ್ಷನ್ನು ಬಾಯಲ್ಲಿಟ್ಟುಕೊಂಡೇ ಓಡಿಬಂದು ಬೆಕ್ಕಿನ ಪರ ನಿಂತರು. ಅದು ಕುಡಿದದ್ದನ್ನು ಕಂಡವರು ಯಾರು? ಪಾತ್ರೆಯಲ್ಲಿ ಮೊದಲು ಎಷ್ಟು ಹಾಲಿತ್ತು, ಅಳೆದಿಟ್ಟವರು ಯಾರು? ಮೀಸೆಗೆ ಹಾಲು ಹತ್ತಿದ್ದರೆ ಬೆಕ್ಕು ಹಾಲಿನ ಸಮೀಪ ಹೋಗಿತ್ತು ಎಂದಷ್ಟೇ ಸಾಬೀತಾಗುತ್ತದೆ. ಮಾಮಿ ಲಟ್ಟಣಿಗೆ ಕೆಳಗಿಟ್ಟು ಒಳಗೆ ಹೋದರು. ಸ್ವಲ್ಪ ಹೊತ್ತಿಗೆ ಹಾಲಿಲ್ಲದ ಕರಿ ಚಹಾ ತಂದು ಮಾಮಾನ ಮುಂದಿಟ್ಟರು.

“ಇದೂ ಹಾಲಿನ ಸಮೀಪ ಹೋಗಿ ಬಂದದ್ರಿ. ಕುಡೀರಿ.”

ಕಕ್ಷಿದಾರರು ಮನೆಗೂ ಬರುತ್ತಿದ್ದರು. ಬಿಡುಗಡೆಯಾದವರು ಪೇಢೆ ಹಿಡಿದು ಬಂದು ಮಾಮಾನ ಕಾಲಿಗೆ ಬೀಳುತ್ತಿದ್ದರು. ಅಂಥವರು ಬಂದಾಗಲೆಲ್ಲ ಮಾಮಿ ದೇವರ ಮುಂದಿನ ಬೆಳ್ಳಿಯ ತಂಬಿಗೆಯನ್ನು ಸೆರಗಿನಲ್ಲಿ ಮುಚ್ಚಿಕೊಂಡು ಒಳಗೆ ಒಯ್ಯುತ್ತಿದ್ದರು. ಒಮ್ಮೆ ಒಬ್ಬ ಅದನ್ನು ಕಂಡುಬಿಟ್ಟ. ಬೇಸರದಿಂದ ಮಾಮಿಗೆ ಕೈಮುಗಿದು, ಅತ್ತಿಗೆ, ನಾನು ಬರೀ ಮೋಟಾರ್‌ಸೈಕಲ್ ಕದಿಯುವವನು, ಪಾತ್ರೆ ಮುಟ್ಟುವುದಿಲ್ಲ ಎಂದು ಮರಾಠಿಯಲ್ಲಿ ಸ್ಪಷ್ಟಪಡಿಸಿದ. ಮಾಮಾನ ಮುಖ ಬಿಳಿಚಿತು. ಏಳು ತಿಂಗಳು ವಾದ ಮಾಡಿ, ಇವನು ಮೋಟಾರ್‌ಸೈಕಲ್ಲನ್ನೇ ಹತ್ತಿ ಗೊತ್ತಿಲ್ಲದವನು ಎಂದು ನ್ಯಾಯಾಧೀಶರನ್ನು ಒಪ್ಪಿಸಿ ಬಂದು ಇನ್ನೂ ಒಂದು ದಿನವಾಗಿರಲಿಲ್ಲ!

ಮದುವೆ, ಮುಂಜಿಗೆ ಹೋದಲ್ಲೆಲ್ಲ ಯಾರಾದರೊಬ್ಬರು ಮಾಮಾನನ್ನು ಕೇಳುವವರೇ: ಇಂಥವರ ಪರ ಹೇಗೆ ನಿಲ್ಲುತ್ತೀರಿ, ರಾತ್ರಿ ನಿದ್ದೆ ಹೇಗೆ ಬರುತ್ತದೆ? ಮಾಮಾ ಹೋಳಿಗೆಯ ತುಣುಕನ್ನು ತುಪ್ಪದಲ್ಲಿ ಅದ್ದುತ್ತ ಪ್ರತಿಸಲವೂ ಒಂದೇ ಉತ್ತರ ಕೊಡುತ್ತಿದ್ದರು.

“ಅತ್ತಕಡೆ ಪೊಲೀಸ್ರು ಅದಾರ, ಜೀಪ್ ಅದ, ಸರ್ಕಾರ ಅದ. ಇತ್ತಕಡೆ ಅಂವಾ ಒಬ್ಬನ. ಅವನ ಬಾಜೂಕ ಒಬ್ಬರರ ನಿಂದರಬೇಕೋ ಬ್ಯಾಡೋ, ನೀವ ಹೇಳ್ರಿ.”

ಕೇಳಿದವರು ಇನ್ನೊಂದು ಹೋಳಿಗೆ ಹಾಕಿಸಿಕೊಳ್ಳುತ್ತಿದ್ದರು.

ನನ್ನ ಪಾಲಿಗೆ ಬಂದ ಕಾಟವೆಂದರೆ ಊಟದ ಹೊತ್ತಿನ ಸವಾಲು. ಇಂದು ತರಕಾರಿಯವಳು ಉಟ್ಟ ಸೀರೆ ಯಾವ ಬಣ್ಣದ್ದು? ಬಸ್ಸಿನ ಕಂಡಕ್ಟರನಿಗೆ ಮೀಸೆ ಇತ್ತೇ? ನಾನು ಧೈರ್ಯವಾಗಿ ಹಸಿರು ಎನ್ನುವುದು, ಮಾಮಿ ನಡುವೆ ಬಾಯಿ ಹಾಕಿ ಕೆಂಪು ಎನ್ನುವುದು. ಎಂ.ಎ. ಮಾಡಿದವಳ ಕಣ್ಣು ಇನ್ನೂ ಬಾಲವಾಡಿಯಲ್ಲೇ ಇದೆ ಎಂದು ಮಾಮಾ ನಗುತ್ತಿದ್ದರು. ನೋಡಿದ್ದೇನೆ ಎನ್ನುವವರನ್ನು ಕಂಡರೆ ತಮಗೆ ಭಯ, ಸುಳ್ಳು ಹೇಳುವವರಿಗಿಂತ ಅವರೇ ಹೆಚ್ಚು ಜನರನ್ನು ಜೈಲಿಗೆ ಕಳಿಸುತ್ತಾರೆ ಎನ್ನುತ್ತಿದ್ದರು. ನಾನೂ ನಗುತ್ತಿದ್ದೆ.

ಇಲ್ಲಿಂದ ಮುಂದೆ ನಗಿಸುವುದು ನನಗೆ ಸ್ವಲ್ಪ ಕಷ್ಟ.

ತೊಂಬತ್ತರ ದಶಕ ಮುಗಿಯುತ್ತ ಬಂದಿದ್ದ ಕಾಲ. ಮಾಮಿಗೆ ಜ್ವರ. ಸಂಜೆ ನಾಲ್ಕರ ಹೊತ್ತಿಗೆ ನಾನು ಗುಳಿಗೆ ತರಲು ರಸ್ತೆಯ ತಿರುವಿನ ಮೆಡಿಕಲ್ ಅಂಗಡಿಗೆ ಹೋದೆ. ನನಗಿಂತ ಮುಂದೆ ಒಬ್ಬ ನಿಂತಿದ್ದ. ಕೆಮ್ಮಿನ ಔಷಧಿಯ ಬಾಟಲಿಗಳನ್ನು ಕೇಳುತ್ತಿದ್ದ, ಒಂದಲ್ಲ ಎರಡಲ್ಲ, ಇದ್ದಷ್ಟನ್ನೂ. ನಶೆಗಾಗಿ ಅದನ್ನು ಕುಡಿಯುವವರಿದ್ದಾರೆಂದು ನಮ್ಮ ಓಣಿಯಲ್ಲಿ ಎಲ್ಲರಿಗೂ ಗೊತ್ತಿತ್ತು. ಡಾಕ್ಟರ ಚೀಟಿ ಇಲ್ಲದೆ ಕೊಡುವುದಿಲ್ಲ ಎಂದು ಅಂಗಡಿಯವರು ತಲೆ ಎತ್ತದೆಯೇ ಹೇಳಿದರು. ಅವನು ಕೈಚೀಲದಿಂದ ಏನನ್ನೋ ತೆಗೆದ. ನಾನು ಅದನ್ನು ನಲ್ಲಿಯ ಬಿಡಿಭಾಗ ಎಂದುಕೊಂಡೆ. ನಿಜ ಹೇಳುತ್ತೇನೆ, ಇವನ ಮನೆಯ ನಲ್ಲಿ ಕೆಟ್ಟಿರಬೇಕು ಎಂದೇ ಯೋಚಿಸುತ್ತಿದ್ದೆ. ಆಗ ಅಂಗಡಿಯ ಕಬ್ಬಿಣದ ಶಟರು ಮೇಲಿನಿಂದ ಒಮ್ಮೆಲೇ ಕೆಳಗೆ ಬಿದ್ದಂಥ ಸದ್ದಾಯಿತು. ನೋಡಿದರೆ ಶಟರು ಮೇಲೆಯೇ ಇತ್ತು. ಅಂಗಡಿಯವರು ಕಾಣಲಿಲ್ಲ. ಗಂಟಲು ಗುಳಿಗೆಯ ಭರಣಿ ಉರುಳಿ, ಕಾಗದ ಸುತ್ತಿದ ಗುಳಿಗೆಗಳು ಒಂದೊಂದಾಗಿ ನನ್ನ ಚಪ್ಪಲಿಯ ಮೇಲೆ ಬೀಳುತ್ತಿದ್ದವು.

ಅವನು ತಿರುಗಿದ. ನನ್ನನ್ನು ನೋಡಿದ. ನಾನು ಬಾಗಿಲಿನಲ್ಲಿ ಅಡ್ಡ ನಿಂತಿದ್ದೆ. “ತಾಈ, ಬಾಜೂಲಾ ವ್ಹಾ” ಎಂದ. ಅಕ್ಕಾ, ಸ್ವಲ್ಪ ಸರಿಯಿರಿ ಎಂದು. ಬಸ್ಸಿನಲ್ಲಿ ಇಳಿಯುವವರು ಕೇಳುವ ಹಾಗೆ! ನಾನು ಸರಿದೆ. ಅವನು ಓಡಲಿಲ್ಲ. ಚೀಲವನ್ನು ಮಡಚಿ ಕಂಕುಳಲ್ಲಿ ಇಟ್ಟುಕೊಂಡು ನಡೆದುಹೋದ.

ಈಗಲೂ ಅದನ್ನು ಮತ್ತೆ ಮತ್ತೆ ನೋಡುತ್ತೇನೆ. ಬೇರೆ ಅಂಗಡಿಗೆ ಹೋಗಿದ್ದರೆ? ಸರಿಯದೆ ನಿಂತಿದ್ದರೆ? ಎಷ್ಟು ಸಲ ನೋಡಿದರೂ ಸದ್ದು, ಗುಳಿಗೆ, ಚಪ್ಪಲಿ, ಆ ಮಾತು ಎಲ್ಲವೂ ಅಚ್ಚೊತ್ತಿದಂತೆ ಬರುತ್ತವೆ. ಮುಖ ಮಾತ್ರ ಒಂದೊಂದು ದಿನ ಒಂದೊಂದು ತರಹ.

ಅಂಗಡಿಯವರು ಬದುಕಿದರು. ಗುಂಡು ಹೆಗಲಿಗೆ ಹೊಕ್ಕಿತ್ತು. ಆಮೇಲೆ ಅವರಿಗೆ ಎಡಗೈ ಮೇಲೆತ್ತಲು ಬರಲಿಲ್ಲ. ಅವರು ಕಂಡದ್ದು ಪಿಸ್ತೂಲಿನ ಬಾಯಿ ಒಂದೇ. ಗಿರಾಕಿಯ ಮುಖವನ್ನು ಅವರು ತಲೆಯೆತ್ತಿ ನೋಡಿರಲೇ ಇಲ್ಲ. ಪಿಸ್ತೂಲೂ ಸಿಗಲಿಲ್ಲ. ಎರಡು ದಿನ ಮೊದಲು ಒಬ್ಬಾತ ತಾಯಿಯ ಔಷಧಿಯ ವಿಷಯಕ್ಕೆ ಅಂಗಡಿಯವರೊಡನೆ ಜಗಳವಾಡಿ, ನೋಡಿಕೊಳ್ಳುತ್ತೇನೆ ಎಂದು ಕೂಗಿ ಹೋಗಿದ್ದನಂತೆ. ಪೊಲೀಸರು ಅವನನ್ನು ಹಿಡಿದರು. ಕೊಲೆಯ ಯತ್ನ, ಅಕ್ರಮ ಶಸ್ತ್ರ. ಅವನೇ ಹೌದೋ ಅಲ್ಲವೋ ಹೇಳಬೇಕಾದವಳು ನಾನೊಬ್ಬಳೇ.

ಮೂರು ವಾರಗಳ ನಂತರ ಗುರುತಿನ ಪರೇಡ್ ಮಾಡಿಸಿದರು. ಜೈಲಿನ ಒಂದು ಕೋಣೆಯಲ್ಲಿ ಒಂದೇ ಎತ್ತರದ ಏಳೆಂಟು ಗಂಡಸರು ಸಾಲಾಗಿ ನಿಂತಿದ್ದರು. ಅಧಿಕಾರಿಯೊಬ್ಬರು ನೋಡುತ್ತ ಕುಳಿತಿದ್ದರು. ನಾನು ಒಂದೊಂದೇ ಮುಖ ನೋಡುತ್ತ ನಡೆದೆ. ನಾಲ್ಕನೆಯವನ ಹತ್ತಿರ ಬಂದಾಗ ಎದೆ ಧಸಕ್ಕೆಂದಿತು. ಈ ಮುಖ ನನಗೆ ಗೊತ್ತು! ಉಳಿದ ಯಾವ ಮುಖವೂ ಗೊತ್ತಿಲ್ಲ, ಇದು ಗೊತ್ತು. ನನ್ನ ಬೆರಳು ತಾನಾಗಿಯೇ ಹೋಗಿ ಅವನ ಹೆಗಲು ಮುಟ್ಟಿತು. ಅವನು ಆಶ್ಚರ್ಯದಿಂದ ನನ್ನನ್ನು ನೋಡಿದ. ಹೊರಗೆ ಬಂದಾಗ ಪೊಲೀಸರು ಚಹಾ ಕೊಟ್ಟು, ಓದಿದ ಹುಡುಗಿ, ಧೈರ್ಯವಂತೆ ಎಂದು ಹೊಗಳಿದರು. ನಾನೂ ಹಾಗೆಯೇ ಅಂದುಕೊಂಡೆ.

ಮನೆಯಲ್ಲಿ ಮಾಮಾ ಏನೆಂದರು? ಏನೂ ಅನ್ನಲಿಲ್ಲ. ತರಕಾರಿಯವಳ ಸೀರೆಗೆ ಐದು ಪ್ರಶ್ನೆ ಹಾಕುತ್ತಿದ್ದ ಮನುಷ್ಯ ನನ್ನ ಬದುಕಿನಲ್ಲಿ ನಡೆದ ಅತಿ ದೊಡ್ಡ ಸಂಗತಿಯ ಬಗ್ಗೆ ಒಂದು ಪ್ರಶ್ನೆ ಕೇಳಲಿಲ್ಲ. ನಾನೇ ಬಾಯಿ ತೆರೆದರೆ ಬದನೆಕಾಯಿ ಎಷ್ಟು ತುಟ್ಟಿಯಾಗಿದೆ ಎಂದು ಶುರುಮಾಡುತ್ತಿದ್ದರು. ಇಪ್ಪತ್ತು ವರ್ಷ ತರಕಾರಿ ಮಂಡಿಗೆ ಕಾಲಿಡದವರಿಗೆ ಬದನೆಕಾಯಿಯ ಗೊಡವೆ ಏಕೆ? ನನಗೆ ಬಹಳ ನೋವಾಯಿತು. ಶಟರಿನ ಸದ್ದಿಗೆ ಬೆಚ್ಚುತ್ತಿದ್ದೆ, ಆ ತಿರುವನ್ನು ದಾಟಲಾಗದೆ ಸುತ್ತು ಹಾಕಿ ಬಸ್ಸಿಗೆ ಹೋಗುತ್ತಿದ್ದೆ. ನನ್ನ ಸ್ವಂತ ಮಾಮಾ ಒಬ್ಬ ಗುಂಡು ಹಾರಿಸಿದವನ ಪರವಾಗಿ ನನ್ನ ಮೇಲೆ ಮುನಿದಿದ್ದಾರೆ ಎಂದೇ ನಂಬಿದೆ.

ನಡೆದದ್ದು ಬೇರೆ ಎಂದು ಆಮೇಲೆ ತಿಳಿಯಿತು. ಆರೋಪಿಯ ತಾಯಿ ಮೊದಲು ಹುಡುಕಿಕೊಂಡು ಹೋದದ್ದು ಮಾಮಾನ ಆಫೀಸಿಗೇ. ಸಾಕ್ಷಿ ನಮ್ಮ ಮನೆಯ ಹುಡುಗಿ, ನಾನು ಈ ಕೇಸನ್ನು ಮುಟ್ಟುವ ಹಾಗಿಲ್ಲ ಎಂದು ಹೇಳಿ, ಮಾಮಾ ಅವಳನ್ನು ತಾವೇ ದೇಶಪಾಂಡೆ ವಕೀಲರ ಹತ್ತಿರ ಕರೆದೊಯ್ದಿದ್ದರು. ದೇಶಪಾಂಡೆ ಎಂದರೆ ಮಾಮಾ ಇಪ್ಪತ್ತು ವರ್ಷದಿಂದ ಕತ್ತೆ ಎಂದು ಕರೆಯುತ್ತ ಬಂದಿದ್ದ ವಕೀಲರು. ಸಾಕ್ಷಿಯನ್ನು ಪಾಟೀಸವಾಲಿನಲ್ಲಿ ಹಿಂಡುವುದರಲ್ಲಿ ಮಾತ್ರ ಆ ಕತ್ತೆಯನ್ನು ಮೀರಿಸುವವರು ಇಡೀ ಕೋರ್ಟಿನಲ್ಲಿ ಇಲ್ಲ ಎಂದೂ ಅವರೇ ಹೇಳುತ್ತಿದ್ದರು. ಅಂದರೆ ನನ್ನನ್ನು ಹಿಂಡಲು ಇರುವವರಲ್ಲೇ ಉತ್ತಮರನ್ನು ಆರಿಸಿಕೊಟ್ಟಿದ್ದರು!

ಹತ್ತು ತಿಂಗಳು ಕಳೆದವು. ಆರೋಪಿಗೆ ಜಾಮೀನು ಸಿಗಲಿಲ್ಲ. ನನ್ನ ಹೆಸರಿಗೆ ಕೋರ್ಟಿನ ಸಮನ್ಸ್ ಬಂತು.

ಈಗ ಜೋಳದ ವಿಷಯ ಹೇಳಬೇಕು. ಪುಣೆಯಲ್ಲಿ ಓಣಿಗೊಂದು ಹಿಟ್ಟಿನ ಗಿರಣಿ ಇದೆ. ಆದರೆ ಗೋದಿ ಬೀಸಿದ ಕಲ್ಲಿನಲ್ಲಿಯೇ ಜೋಳ ಹಾಕಿದರೆ ರೊಟ್ಟಿ ಸರಿಯಾಗುವುದಿಲ್ಲ ಎಂಬುದು ಮಾಮಿಯ ನಂಬಿಕೆ. ಅದಕ್ಕಾಗಿ ನಮ್ಮ ಕಡೆಯವರೆಲ್ಲ ಬಸ್ಸಿನಲ್ಲಿ ಎರಡು ನಿಲ್ದಾಣ ದೂರ ಇದ್ದ ಒಂದೇ ಗಿರಣಿಗೆ ಹೋಗುತ್ತಿದ್ದೆವು. ಅಲ್ಲಿ ಬುಧವಾರ ಬರೀ ಜೋಳ. ಐದು ವರ್ಷ ಬುಧವಾರ ಬುಧವಾರ ಡಬ್ಬಿ ಹೊತ್ತವಳು ನಾನೇ. ಗುಂಡಿನ ಘಟನೆಯಾದ ಮೇಲೆ ಮಾಮಿ ನನ್ನನ್ನು ಕಳಿಸುವುದನ್ನು ನಿಲ್ಲಿಸಿ ಊರಿನಿಂದಲೇ ಹಿಟ್ಟು ತರಿಸುತ್ತಿದ್ದರು. ಸಮನ್ಸ್ ಬಂದ ವಾರ ಊರಿನ ಹಿಟ್ಟು ಮುಗಿದಿತ್ತು. ಎಷ್ಟು ದಿನ ಹೆದರಿ ಕೂಡುವುದು ಎಂದು ನಾನೇ ಡಬ್ಬಿ ತೆಗೆದುಕೊಂಡು ಹೊರಟೆ.

ಗಿರಣಿಯಲ್ಲಿ ಯಾವಾಗಲೂ ಇರುತ್ತಿದ್ದವನು ಇರಲಿಲ್ಲ. ಒಬ್ಬ ವಯಸ್ಸಾದ ಹೆಂಗಸು ಬೀಸುತ್ತಿದ್ದಳು. ತಲೆಯಿಂದ ಕಾಲಿನವರೆಗೆ ಹಿಟ್ಟು. ಅವನು ಎಲ್ಲಿ ಎಂದು ಕೇಳಿದೆ. ಬೆಲ್ಟಿನ ಸದ್ದಿನಲ್ಲಿ ಅವಳು ಕೂಗಿ ಹೇಳಿದಳು: ನನ್ನ ಮಗ ಬಾಳೂ ಜೈಲಿನಲ್ಲಿದ್ದಾನೆ. ಯಾರೋ ಓದಿದ ಹುಡುಗಿ ಅವನೇ ಎಂದು ಬೆರಳು ತೋರಿಸಿದಳಂತೆ.

ಬಾಳೂ. ನನ್ನ ಪರ್ಸಿನಲ್ಲಿದ್ದ ಸಮನ್ಸಿನಲ್ಲಿ ಇದ್ದ ಹೆಸರು. ಐದು ವರ್ಷ ಅವನನ್ನು ಗಿರಣಿಯವನೆಂದು ಕರೆದೆನೇ ಹೊರತು ಹೆಸರು ಕೇಳಿರಲಿಲ್ಲ. ಐದು ವರ್ಷದಲ್ಲಿ ಒಂದು ದಿನವೂ ಅವನ ಮುಖವನ್ನು ಹಿಟ್ಟಿಲ್ಲದೆ ನೋಡಿರಲಿಲ್ಲ. ಹುಬ್ಬು, ರೆಪ್ಪೆ, ಮೀಸೆ ಎಲ್ಲ ಬೆಳ್ಳಗೆ. ಅಲ್ಲಿಯೇ ನಿಂತು ಪರೇಡಿನ ನಾಲ್ಕನೆಯವನ ಮುಖಕ್ಕೆ ಮನಸ್ಸಿನಲ್ಲಿಯೇ ಹಿಟ್ಟು ಹಚ್ಚಿ ನೋಡಿದೆ. ಅವನೇ. ನನ್ನ ಜೋಳ ಬೀಸಿಕೊಡುತ್ತಿದ್ದವನು. ಜೈಲಿನಲ್ಲಿ ತೊಳೆದ ಮುಖದಿಂದ ನಿಂತವನನ್ನು ಕಂಡು, ಈ ಮುಖ ಗೊತ್ತು ಎಂದು ನನ್ನ ಎದೆ ಹೊಡೆದುಕೊಂಡದ್ದು ನಿಜ. ಎಲ್ಲಿಂದ ಗೊತ್ತು ಎಂದು ನಾನು ಕೇಳಿಕೊಳ್ಳಲಿಲ್ಲ. ಅಂದು ಅವನು ಆಶ್ಚರ್ಯದಿಂದ ನೋಡಿದ್ದು ಏಕೆಂದು ಈಗ ತಿಳಿಯಿತು. ಅವನಿಗೆ ನನ್ನ ಗುರುತು ಹತ್ತಿತ್ತು.

ಡಬ್ಬಿಯನ್ನು ಅಲ್ಲಿಯೇ ಬಿಟ್ಟು ಮನೆಗೆ ಬಂದೆ. ಮಾಮಾ ಪೇಪರ್ ಓದುತ್ತಿದ್ದರು. ನಾನು ಬಾಯಿ ತೆರೆದೊಡನೆ ಅಂಗೈ ಎತ್ತಿ ತಡೆದರು.

“ನನಗ ಹೇಳಬ್ಯಾಡ. ನೀ ಸಾಕ್ಷಿ. ಏನಿದ್ರೂ ಕೋರ್ಟಿನ್ಯಾಗ ಹೇಳು.”

“ಮಾಮಾ, ಅಂವಾ ಅಲ್ಲ.”

ಮಾಮಾ ಪೇಪರ್ ಮಡಚಿದರು. ಮತ್ತೆ ಬಿಚ್ಚಿದರು. ಮತ್ತೆ ಮಡಚಿದರು. ಬದನೆಕಾಯಿಯ ಸುದ್ದಿಯನ್ನೂ ತೆಗೆಯಲಿಲ್ಲ. ಮರುದಿನ ಬೆಳಿಗ್ಗೆ ಒಂದು ಚೀಲದಲ್ಲಿ ನಾಲ್ಕು ಶರ್ಟು, ಒಂದು ಕಂಬಳಿ ತುಂಬಿಕೊಂಡು, ಕೇಸು ಮುಗಿಯುವವರೆಗೆ ಆಫೀಸಿನಲ್ಲಿಯೇ ಇರುತ್ತೇನೆ ಎಂದು ಹೊರಟುಬಿಟ್ಟರು. ಕಾರಣ ಕೇಳಿದ ಮಾಮಿಗೆ, ಒಂದೇ ಮನೆಯಲ್ಲಿದ್ದರೆ ಸಾಕ್ಷಿಗೆ ನಾನೇ ಹೇಳಿಕೊಟ್ಟೆ ಎಂದು ನಾಳೆ ಸರ್ಕಾರಿ ವಕೀಲರು ಅನ್ನುತ್ತಾರೆ ಎಂದರು. ಮಾಮಿ ನನ್ನ ಮುಖ ನೋಡಿದರು. ಮೂವತ್ತು ವರ್ಷ ಕೊಲೆಗಾರರ ಸಹವಾಸ ಮಾಡಿದರೂ ಮನೆ ಬಿಟ್ಟು ಹೋಗದ ಗಂಡ ಸೋದರ ಸೊಸೆಯ ಸಾಕ್ಷಿಗೆ ಹೆದರಿ ಮನೆ ಬಿಟ್ಟ ಎಂದು ನಮ್ಮ ಬಳಗದವರೆಲ್ಲ ಎಷ್ಟೋ ದಿನ ನಕ್ಕರು. ಕೊಲೆಗಾರರೆಂಬ ಆರೋಪವಿದ್ದವರ ಸಹವಾಸ ಎಂದು ತಿದ್ದಲು ಮಾಮಾ ಅಲ್ಲಿರಲಿಲ್ಲ.

ಆಫೀಸಿನ ಕೆಳಗೆ ಕುಂದಾಪುರದ ಕಡೆಯ ಶೆಟ್ಟರ ಹೋಟೆಲು. ಇಡ್ಲಿಯನ್ನು ಕಾಯಿಲೆಯವರ ಊಟ ಎನ್ನುತ್ತಿದ್ದ ಮಾಮಾ ಮೂರು ಹೊತ್ತೂ ಅಲ್ಲಿ ಇಡ್ಲಿ ತಿನ್ನತೊಡಗಿದರು. ಮಾಮಿ ಮನಸ್ಸು ತಡೆಯದೆ ರೊಟ್ಟಿ, ಶೇಂಗಾ ಚಟ್ನಿ ಕಟ್ಟಿ ಕಳಿಸಿದರೆ, ಸಾಕ್ಷಿಯ ಮನೆಯ ಊಟ ಬೇಡ ಎಂದು ವಾಪಸು ಬಂತು. ಮಾಮಿ ಅದೇ ಗಂಟನ್ನು ತಾವೇ ಒಯ್ದು ಶೆಟ್ಟರ ಮೇಜಿನ ಮೇಲೆ ಇಟ್ಟು, ರೊಟ್ಟಿ ಬಡಿದವಳು ಸಾಕ್ಷಿಯಲ್ಲ, ನಾನು ಎಂದು ಹೇಳಿ ಬಂದರು. ಅದು ಮಾತ್ರ ಖಾಲಿಯಾಯಿತು. ಲೈಬ್ರರಿಗೆ ಹೋಗುವಾಗ ಒಮ್ಮೆ ನಾನು ಶೆಟ್ಟರನ್ನು ಮಾತಾಡಿಸಿದೆ.

“ಎಂತ ಹೇಳುದು ಮಾರಾಯ್ರೆ,” ಎಂದರು ಶೆಟ್ಟರು. “ನಿಮ್ಮ ಮಾಮಾ ಮೊದಲು ಇಡ್ಲಿಯನ್ನೂ ವಿಚಾರಣೆ ಮಾಡ್ತಿದ್ರು. ಈಗ ಕೊಟ್ಟದ್ದು ತಿಂದು ಎದ್ದು ಹೋಗ್ತಾರೆ. ಅವರಿಗೆ ಹುಷಾರಿಲ್ವಾ?”

ನನಗೂ ಹುಷಾರಿರಲಿಲ್ಲ. ಯಾರನ್ನು ಕೇಳಲಿ? ಹಿಂದೆ ಹೇಳಿದ್ದನ್ನೇ ಹೇಳಿದರೆ ಬಾಳೂ ಹತ್ತು ವರ್ಷ ಒಳಗೆ. ಅಲ್ಲ ಎಂದರೆ ನಾನು ಸುಳ್ಳುಗಾತಿ. ಪೊಲೀಸರಿಗೆ ಸಿಟ್ಟು, ಕೈ ಮೇಲೆತ್ತಲು ಬಾರದ ಅಂಗಡಿಯವರಿಗೆ ದ್ರೋಹ. ಬಸ್ಸಿನಲ್ಲಿ ಎದುರು ಕುಳಿತ ಗಂಡಸರ ಮುಖಗಳನ್ನೆಲ್ಲ ನೋಡುತ್ತ, ಇವನೇ ಇರಬಹುದೇ ಎಂದುಕೊಳ್ಳುತ್ತ ಎರಡು ತಿಂಗಳು ಕಳೆದೆ.

ಸಾಕ್ಷಿಯ ದಿನ ಮಾಮಾ ಕೋರ್ಟಿನ ಆವರಣದಲ್ಲಿಯೇ ಇರಲಿಲ್ಲ. ಸರ್ಕಾರಿ ವಕೀಲರು ಆ ಸಂಜೆಯ ಸಂಗತಿ ಕೇಳಿದರು, ಹೇಳಿದೆ. ಗುಂಡು ಹಾರಿಸಿದವನನ್ನು ತೋರಿಸಿ ಎಂದರು. ಬಾಳೂ ಕಟಕಟೆಯಲ್ಲಿದ್ದ. ತೆಳ್ಳಗಾಗಿದ್ದ. ಕಟಕಟೆಯ ಹಿಂದಿನ ಬೆಂಚಿನಲ್ಲಿ ಅವನ ತಾಯಿ ಕುಳಿತಿದ್ದಳು. ಅಂದು ಅವಳ ಮುಖದ ಮೇಲೆ ಹಿಟ್ಟಿರಲಿಲ್ಲ.

ಇವರನ್ನು ನಾನೇ ಪರೇಡಿನಲ್ಲಿ ಗುರುತಿಸಿದ್ದೆ, ಆದರೆ ತಪ್ಪು ಮಾಡಿದೆ ಎಂದೆ. ಗಿರಣಿ, ಬುಧವಾರ, ಹಿಟ್ಟು, ಎಲ್ಲ ಹೇಳಿದೆ. ಕೋರ್ಟಿನಲ್ಲಿ ಯಾರೋ ಕಿಸಕ್ಕೆಂದು ನಕ್ಕರು. ಸರ್ಕಾರಿ ವಕೀಲರು ನಗಲಿಲ್ಲ. ಈ ಸಾಕ್ಷಿ ಫಿತೂರ್ ಎಂದು ನ್ಯಾಯಾಧೀಶರಿಗೆ ಹೇಳಿ, ಅಂದರೆ ಕರೆಸಿದವರಿಗೇ ತಿರುಗಿಬಿದ್ದವಳೆಂದು ಹೇಳಿ, ನನ್ನನ್ನೇ ಪ್ರಶ್ನಿಸಲು ಶುರುಮಾಡಿದರು. ನಿಮ್ಮ ಮಾಮಾ ಆರೋಪಿಗಳ ವಕೀಲರಲ್ಲವೇ? ಅವರೇ ಹೇಳಿಕೊಟ್ಟರಲ್ಲವೇ? ಇಲ್ಲ, ಹೇಳಿಕೊಟ್ಟಂತೆ ಆಗಬಾರದೆಂದು ಅವರು ಎರಡು ತಿಂಗಳ ಹಿಂದೆಯೇ ಮನೆ ಬಿಟ್ಟಿದ್ದಾರೆ ಎಂದೆ. ಈ ಸಲ ನ್ಯಾಯಾಧೀಶರೂ ನಗು ತಡೆಯಲು ತುಟಿ ಬಿಗಿಹಿಡಿದರು. ಹಾಗಾದರೆ ಯಾರೋ ಹೆದರಿಸಿರಬೇಕು ಎಂದರು ವಕೀಲರು. ಹೆದರಿಕೆ ಇದೆ, ಆದರೆ ಹೆದರಿಸಿದವರು ಯಾರೂ ಇಲ್ಲ ಎಂದೆ.

ದೇಶಪಾಂಡೆ ಎದ್ದರು. ಅವರ ಕೈಯಲ್ಲಿ ನನ್ನನ್ನು ಹಿಂಡಲು ಬರೆದಿಟ್ಟುಕೊಂಡ ಪ್ರಶ್ನೆಗಳ ಕಾಗದಗಳಿದ್ದವು. ಅವನ್ನು ಮೇಜಿನ ಮೇಲೆ ಬೋರಲು ಹಾಕಿ ಒಂದೇ ಪ್ರಶ್ನೆ ಕೇಳಿದರು: ಆ ದಿನ ನೀವು ಕಂಡವನು ಈಗ ಈ ಕೋರ್ಟಿನಲ್ಲಿ ಇದ್ದಾನೆಯೇ?

ಉತ್ತರ ಕೊಡಬೇಕಾದರೆ ನೋಡಬೇಕು. ಹಿಂದಿನ ಬೆಂಚುಗಳಲ್ಲಿ ಹತ್ತಿಪ್ಪತ್ತು ಜನ ಗಂಡಸರಿದ್ದರು. ಒಬ್ಬೊಬ್ಬರನ್ನೇ ನೋಡಿದೆ. ನೋಡುವಾಗ ಅವರೂ ನನ್ನನ್ನು ನೋಡುತ್ತಿದ್ದರು. ಕೊನೆಯ ಬೆಂಚಿನವರೆಗೂ ನೋಡಿ ಮುಗಿಸಿದೆ. ಇಲ್ಲ ಎಂದೆ.

ಮರುದಿನ ಒಂದು ಮರಾಠಿ ಪತ್ರಿಕೆಯ ಮೂಲೆಯಲ್ಲಿ ಸಾಕ್ಷಿದಾರಳು ಫಿತೂರ್ ಎಂದು ಬಂತು. ಎಷ್ಟು ತಗೊಂಡಳೋ ಎಂದು ಓಣಿಯವರು ಅಂದುಕೊಂಡರು. ಇನ್ನೆರಡು ತಿಂಗಳಿಗೆ ತೀರ್ಪು ಬಂತು. ಬಾಳೂ ಬಿಡುಗಡೆಯಾದ. ಆ ಸಂಜೆಯೇ ಮಾಮಾ ಚೀಲ ಹಿಡಿದು ಮನೆಗೆ ಬಂದರು. ಇಡ್ಲಿ ತಿಂದು ಅರ್ಧವಾಗಿದ್ದರು. ಮಾಮಿ ರೊಟ್ಟಿಗೆ ಒಲೆಯ ಮೇಲೆ ಹಂಚು ಇಟ್ಟರು.

ನನಗೆ ಮಾತ್ರ ಸಮಾಧಾನವಿರಲಿಲ್ಲ. ಹದಿನಾಲ್ಕು ತಿಂಗಳು ಒಬ್ಬ ಮನುಷ್ಯ ನನ್ನ ಬೆರಳಿನಿಂದಾಗಿ ಒಳಗಿದ್ದ. ಭಾನುವಾರ ಗಿರಣಿಗೆ ಹೋಗಿ ಬರುತ್ತೇನೆ ಎಂದೆ. ಮಾಮಿ ಬೇಡವೆಂದರು. ಮಾಮಾ ಎದ್ದು ಚಪ್ಪಲಿ ಹಾಕಿಕೊಂಡರು.

ಗಿರಣಿ ಮುಚ್ಚಿತ್ತು. ಹಿಂದಿನ ಕೋಣೆಯ ಬಾಗಿಲಿನಲ್ಲಿ ತಾಯಿ ಮಗ ಇಬ್ಬರೂ ಕುಳಿತಿದ್ದರು. ನಾನು ಮರಾಠಿಯಲ್ಲಿ ಹೇಳಬೇಕಾದ ಮಾತುಗಳನ್ನು ದಾರಿಯುದ್ದಕ್ಕೂ ಬಾಯಿಪಾಠ ಮಾಡಿಕೊಂಡು ಹೋಗಿದ್ದೆ. ಅವನ್ನು ಹೇಳಲು ನಾನು ಬಾಯಿ ತೆರೆಯುವಷ್ಟರಲ್ಲಿ ಮಾಮಾ ಮುಂದೆ ಹೋಗಿ ಕೈಮುಗಿದರು.

“ಮಾಝ್ಯಾ ಮುಲೀಚಂ ಚುಕಲಂ” ಎಂದರು. ನನ್ನ ಮಗಳದು ತಪ್ಪಾಯಿತು.

ಬಾಳೂ ತಾಯಿಯ ಕಡೆ ನೋಡಿದ. ಆಮೇಲೆ, ಹದಿನಾಲ್ಕು ತಿಂಗಳು ಅವ್ವ ಒಬ್ಬಳೇ ಗಿರಣಿ ನಡೆಸಿದಳು ಎಂದ. ಹೌದು ಎಂದರು ಮಾಮಾ. ಅವಳಿಗೆ ಉಬ್ಬಸ ಎಂದ. ಹೌದು ಎಂದರು. ನ್ಯಾಯಾಧೀಶರ ಮುಂದೆ ದಿನಗಟ್ಟಲೆ ವಾದ ಮಾಡುವವರು ಅಲ್ಲಿ ಒಂದು ವಾದವನ್ನೂ ಹೂಡಲಿಲ್ಲ, ತಲೆ ತಗ್ಗಿಸಿ ನಿಂತೇ ಇದ್ದರು. ತಾಯಿ ಎದ್ದು ಒಳಗೆ ಹೋಗಿ ನನ್ನ ಖಾಲಿ ಡಬ್ಬಿಯನ್ನು ತಂದಳು. ಹಿಟ್ಟಿಗೆ ಹುಳ ಬಿತ್ತು, ದನಕ್ಕೆ ಹಾಕಿದೆ ಎಂದಳು. ಕ್ಷಮಿಸಿದೆ ಎಂದು ಇಬ್ಬರೂ ಹೇಳಲಿಲ್ಲ. ಹೇಳಬೇಕಾಗಿಯೂ ಇರಲಿಲ್ಲ.

ಬಸ್ಸಿಳಿದು ಮನೆಯ ಕಡೆ ನಡೆಯುವಾಗ ನಾನು ರೂಢಿಯಂತೆ ಸುತ್ತಿನ ದಾರಿಗೆ ತಿರುಗಿದೆ. ಮಾಮಾ ನನ್ನ ಕೈ ಹಿಡಿದು ನೇರ ದಾರಿಯಲ್ಲೇ ನಡೆಸಿದರು. ಮೆಡಿಕಲ್ ಅಂಗಡಿಯ ತಿರುವು ಕಾಣುತ್ತಿತ್ತು.

“ಅವತ್ತ ನೀ ಬಂದು, ಅಂವಾ ಅಲ್ಲ ಅಂದ್ಯಲ್ಲ,” ಎಂದರು, ರಸ್ತೆಯನ್ನೇ ನೋಡುತ್ತ. “ನನಗ ಈ ಬಾಳೂನ ನೆನಪ ಬರಲಿಲ್ಲವ್ವಾ. ಖರೇ ಹೊಡದಂವಾ ಇನ್ನೂ ಹೊರಗ ಅದಾನ, ಅವನ ಮಾರಿ ನೋಡಿದಾಕಿ ನೀ ಒಬ್ಬಾಕಿ, ಅಷ್ಟ ನೆನಪ ಬಂತು. ಬಾಳೂಗ ಶಿಕ್ಷಾ ಆದ್ರ ಕೇಸು ಮುಗೀತದ, ಹೊಡದಂವಾ ನಿನ್ನ ಮರೀತಾನ. ಬಾಳೂ ಬಿಡುಗಡೆ ಆಗಿ ಬಂದ್ರ ಅಂವಗ ನಿನ್ನ ನೆನಪಾಗ್ತದ.”

ಒಂದು ಸೈಕಲ್ಲಿಗೆ ದಾರಿ ಬಿಟ್ಟು ಮಾಮಾ ಮತ್ತೆ ಶುರುಮಾಡಿದರು.

“ಬಾಳೂನ ಹೊಡದಾನ ಅಂತ ಹೇಳಿಬಿಡು ಅನ್ನೂ ಮಾತು ನನ್ನ ತುಟಿ ತನಕ ಬಂದಿತ್ತು. ಸರ್ಕಾರಿ ವಕೀಲರ ಕಾರಣಾ ಎಲ್ಲಾ ಸುಳ್ಳು. ಇನ್ನೊಂದ ದಿವಸ ಮನ್ಯಾಗ ನಿನ್ನ ಮಾರಿ ನೋಡಕೋತ ಕೂತಿದ್ರ ಅಂದಬಿಡತಿದ್ದೆ. ಅದಕ್ಕ ಮನಿ ಬಿಟ್ಟೆ.”

ಅಂಗಡಿಯ ಮುಂದೆ ಬಂದಿದ್ದೆವು. ಮಾಮಾ ನಿಂತುಬಿಟ್ಟರು, ಅಲ್ಲಿದ್ದ ಗಂಡಸರ ಮುಖಗಳನ್ನು ಒಂದೊಂದಾಗಿ ನೋಡತೊಡಗಿದರು. ನಾನು ಡಬ್ಬಿಯನ್ನು ಕಂಕುಳಿಗೆ ಸೇರಿಸಿ, ಇನ್ನೊಂದು ಕೈಯಿಂದಲೂ ಅವರ ಕೈಯನ್ನು ಹಿಡಿದುಕೊಂಡು ದಾಟಿದೆ.